ಹುಲಿ ಮುಖವಾಡದ ಪೈಲ್ವಾನ: ಮಾಂಗಾದಲ್ಲಿ ನಿಜವೆಷ್ಟು, ಬಣ್ಣವೆಷ್ಟು?

ಪ್ರಶ್ನೆ: 'ಟೈಗರ್ ಮಾಸ್ಕ್' ಎಂಬ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಈಚೆಗೆ ಓದಿ ಮುಗಿಸಿದೆ. ಅದೇ ಕಾಲದ, ಅಂದರೆ 1970ರ ಆಸುಪಾಸಿನ ಜಪಾನಿ ವೃತ್ತಿಪರ ಕುಸ್ತಿಪಟುವೊಬ್ಬನನ್ನು ನಾಯಕನಾಗಿಟ್ಟು ಕನ್ನಡದಲ್ಲಿ ಒಂದು ಚಿತ್ರಕಥೆ (ಕಾಮಿಕ್ಸ್) ಮಾಡುತ್ತಿದ್ದೇನೆ. ಮಾಂಗಾದ ನಾಯಕ ನವೊತೊ ದಾತೆಯ ಬದುಕಿನಲ್ಲಿ ನಿಜಕ್ಕೆ ಹತ್ತಿರವಾದದ್ದು ಯಾವುದು? ತರಬೇತಿ, ಪಂದ್ಯ, ದುಡ್ಡು, ಮುಖವಾಡ ಇವನ್ನು ಹೇಗೆ ತೋರಿಸಿದರೆ ಬಲ್ಲವರು ನಗುವುದಿಲ್ಲ? ಕೊನೆಗೆ ನಾಯಕನನ್ನು ಸಾಯಿಸಲೇಬೇಕೆ?

ಉತ್ತರ: ಕತೆ ಓದದವರಿಗಾಗಿ ಮೊದಲು ನಾಲ್ಕು ಮಾತು. 'ಟೈಗರ್ ಮಾಸ್ಕ್' ಬರೆದವರು ಇಕ್ಕಿ ಕಾಜಿವಾರಾ, ಚಿತ್ರ ಬಿಡಿಸಿದವರು ನವೊಕಿ ತ್ಸುಜಿ. 1968ರಲ್ಲಿ 'ಬೊಕುರಾ' ಎಂಬ ಮಕ್ಕಳ ಮಾಸಿಕದಲ್ಲಿ ಶುರುವಾಗಿ, 1971ರಲ್ಲಿ 'ಶೋನೆನ್ ಮ್ಯಾಗಜೀನ್' ವಾರಪತ್ರಿಕೆಯಲ್ಲಿ ಮುಗಿಯಿತು. ಈ ನಡುವೆ ಅದರ ಆನಿಮೆ, ಅಂದರೆ ಟೀವಿ ಕಾರ್ಟೂನ್ ರೂಪ, 105 ಕಂತು ಓಡಿತು. ನಾಯಕ ನವೊತೊ ದಾತೆ ಅನಾಥ, ಚಿಬಿಕ್ಕೊ ಹೌಸ್ ಎಂಬ ಅನಾಥಾಲಯದಲ್ಲಿ ಬೆಳೆದವನು. ಮೃಗಾಲಯದ ಹುಲಿಯನ್ನು ನೋಡಿ, ತಾನೂ ಹಾಗೇ ಬಲಶಾಲಿಯಾಗಬೇಕೆಂದು ಹಟ ಹಿಡಿಯುತ್ತಾನೆ. 'ಹುಲಿಯ ಗುಹೆ' ಎಂಬ ರಹಸ್ಯ ಸಂಸ್ಥೆ ಅವನನ್ನು ಯುರೋಪಿನ ಆಲ್ಪ್ಸ್ ಬೆಟ್ಟಗಳ ನಡುವೆ ಪಳಗಿಸಿ, ಗಳಿಕೆಯಲ್ಲಿ ಅರ್ಧ ತನಗೆ ಸಲ್ಲಬೇಕೆಂದು ಕರಾರು ಮಾಡಿಕೊಳ್ಳುತ್ತದೆ. ಅಮೆರಿಕದಲ್ಲಿ 'ಹಳದಿ ಪಿಶಾಚಿ' ಅನ್ನಿಸಿಕೊಂಡ ಕ್ರೂರಿ, ಜಪಾನಿಗೆ ಮರಳಿದವನು ತಾನು ಬೆಳೆದ ಅನಾಥಾಲಯದ ಸಾಲ ಕಂಡು ಗುಹೆಗೆ ಕಟ್ಟಬೇಕಾದ ಪಾಲನ್ನೂ ಅಲ್ಲಿಗೇ ಸುರಿಯುತ್ತಾನೆ. ಬಾಕಿ ವಸೂಲಿಗೆ ಒಬ್ಬರ ಹಿಂದೊಬ್ಬರಂತೆ ಕೊಲೆಗಡುಕ ಕುಸ್ತಿಪಟುಗಳು ಬಂದಿಳಿಯುತ್ತಾರೆ.

ಹೊಡೆದಾಟದ ವಿಷಯದಲ್ಲಿ ಈ ಮಾಂಗಾವನ್ನು ನಂಬಬೇಡಿ, ಲೆಕ್ಕಪತ್ರದ ವಿಷಯದಲ್ಲಿ ಕಣ್ಣುಮುಚ್ಚಿ ನಂಬಿ. ಯಾರು ಯಾರ ಋಣದಲ್ಲಿದ್ದಾರೆ, ದುಡ್ಡು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಇವನು ಅಮೆರಿಕದಲ್ಲಿ ಯಾಕೆ ಖಳನಾಗಿದ್ದ, ಯಾಕೆ ಮುಖ ಮುಚ್ಚಿಕೊಂಡ, ಇಷ್ಟೂ ಆ ಕಾಲದ ವೃತ್ತಿಬದುಕಿನಿಂದಲೇ ಎದ್ದು ಬಂದವು. ಕಾಜಿವಾರಾ ಮುಚ್ಚಿಟ್ಟದ್ದು ಒಂದೇ ಸಂಗತಿ: ಗೆಲ್ಲುವವರು ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಕುಸ್ತಿಪಟುವಿನ ವಿದ್ಯೆಯೆಲ್ಲ ಇರುವುದು ಪೆಟ್ಟು ತಿನ್ನುವುದರಲ್ಲಿ, ಹಾಗೆ ತಿಂದು ಮರುದಿನ ಇನ್ನೊಂದು ಊರಿನಲ್ಲಿ ಮತ್ತೆ ಕಣಕ್ಕಿಳಿಯುವುದರಲ್ಲಿ. ನಿಮ್ಮ ಕತೆ ಈ ಸಂಗತಿಯನ್ನು ಬಚ್ಚಿಡಬೇಕಿಲ್ಲ. ಬಚ್ಚಿಡದಿದ್ದರೆ ಕತೆಗೆ ಹೆಚ್ಚು ಬಲ ಬರುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ.

'ಹಳದಿ ಪಿಶಾಚಿ' ಕಾಜಿವಾರಾ ಕಲ್ಪನೆಯಿಂದ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಕಣಗಳಲ್ಲಿ ಜಪಾನಿ ಮುಖದವನಿಗೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಮೋಸಗಾರನ ಪಾತ್ರ. ಸೊಂಟ ಬಗ್ಗಿಸಿ ನಮಸ್ಕರಿಸುವುದು, ಶಾಸ್ತ್ರಕ್ಕೆಂಬಂತೆ ಉಪ್ಪು ಚೆಲ್ಲುವುದು, ರೆಫ್ರಿ ಅತ್ತ ತಿರುಗಿದ ಕೂಡಲೇ ಅದೇ ಉಪ್ಪನ್ನು ಎದುರಾಳಿಯ ಕಣ್ಣಿಗೆ ಎರಚುವುದು. ಬೇಸ್‌ಬಾಲ್ ಬಿಟ್ಟು ಕುಸ್ತಿಗೆ ಬಂದ 209 ಸೆಂಟಿಮೀಟರ್ ಎತ್ತರದ ಜೈಂಟ್ ಬಾಬಾ ಕೂಡ 1961ರಲ್ಲಿ ಅಮೆರಿಕಕ್ಕೆ ಹೋಗಿ ಇಂಥ ಪಾತ್ರದಲ್ಲೇ ಪಳಗಿದರು. ಕಿರಿಯನನ್ನು ಹೀಗೆ ಹೊರದೇಶಕ್ಕೆ ಕಳಿಸಿ ಹದಮಾಡಿ, ವಾಪಸು ಕರೆಸಿ ದೊಡ್ಡ ಹೆಸರಾಗಿ ನಿಲ್ಲಿಸುವುದು ಜಪಾನಿನಲ್ಲಿ ಇವತ್ತಿಗೂ ನಡೆದಿರುವ ಪದ್ಧತಿ. ನವೊತೊ ಜಪಾನಿಗೆ ಮರಳುವ ಭಾಗ ಈ ಪದ್ಧತಿಯ ಪಡಿಯಚ್ಚು. ವ್ಯತ್ಯಾಸ ಇಷ್ಟೇ, ನಿಜಜೀವನದಲ್ಲಿ ಮರಳಿದವನು ಮೊದಲ ರಾತ್ರಿಯೇ ನಾಯಕ. ನವೊತೊ ಖಳನಾಗಿಯೇ ಬಂದು ಕ್ರಮೇಣ ಬದಲಾಗುತ್ತಾನೆ.

ಜಪಾನಿನಲ್ಲಿ ಇದೇ ಆಟವನ್ನು ತಿರುಗಿಸಿ ಆಡಿದವರು ರಿಕಿದೋಜಾನ್. ಜಪಾನಿನ ಸಾಂಪ್ರದಾಯಿಕ ಕುಸ್ತಿಯಾದ ಸುಮೊದಲ್ಲಿ ಸೆಕಿವಾಕೆ ಎಂಬ ಮೇಲಿನ ದರ್ಜೆ ತಲುಪಿ ಹೊರಬಂದವರು, 1953ರಲ್ಲಿ ಜಪಾನ್ ಪ್ರೊ ರೆಸ್ಲಿಂಗ್ ಸಂಸ್ಥೆ ಕಟ್ಟಿದರು. 1954ರ ಫೆಬ್ರುವರಿ 19ರಂದು ಟೋಕಿಯೊದ ಕುರಾಮಾಯೆ ಕೊಕುಗಿಕಾನ್ ಕ್ರೀಡಾಂಗಣದಲ್ಲಿ ಜೂಡೊ ದಿಗ್ಗಜ ಮಸಾಹಿಕೊ ಕಿಮುರಾ ಜೊತೆ ಸೇರಿ ಶಾರ್ಪ್ ಸಹೋದರರ ಎದುರು ಇಳಿದಾಗ ಜನ ಬೀದಿಯಲ್ಲಿಟ್ಟ ಟೀವಿಗಳ ಮುಂದೆ ಕಿಕ್ಕಿರಿದು ನಿಂತು ನೋಡಿದರು. ದೈತ್ಯ ಬಿಳಿಯನಿಂದ ಏಟು ತಿಂದು ತಿಂದು, ಕೊನೆಗೆ ಅಂಗೈಯ ಅಂಚಿನ ಏಟಿನಿಂದ ಅವನನ್ನು ಕೆಡವುವ ಜಪಾನಿ. ಸೋತ ದೇಶಕ್ಕೆ ಬೇಕಾಗಿದ್ದದ್ದು ಅದೇ. ಆದರೆ ಆ 'ಜಪಾನಿ' ಹುಟ್ಟಿದ್ದು ಇಂದಿನ ಉತ್ತರ ಕೊರಿಯಾದಲ್ಲಿ. ಅದನ್ನು ಮುಚ್ಚಿಟ್ಟು ನಾಗಾಸಾಕಿ ಕಡೆಯವರೆಂದೇ ಪ್ರಚಾರ ಮಾಡಲಾಗಿತ್ತು. ಮುಖವಾಡ ತೊಡದೆಯೂ ಜೀವನವಿಡೀ ಗುರುತು ಮುಚ್ಚಿಟ್ಟು ಆಡಿದ ವ್ಯಕ್ತಿ ಅವರು. ನಿಮ್ಮ ನಾಯಕನಿಗೆ ಒಂದು ಗುಟ್ಟು ಬೇಕಿದ್ದರೆ ಅನಾಥಾಲಯಕ್ಕಿಂತ ಗಟ್ಟಿಯಾದ ಎಳೆ ಇಲ್ಲಿದೆ.

ಇನ್ನು ತರಬೇತಿ. ಹುಲಿಯ ಗುಹೆಯ ಚಿತ್ರಹಿಂಸೆ ಮಕ್ಕಳ ರೋಮಾಂಚನಕ್ಕೆ ಬರೆದದ್ದು. ನಿಜವಾದ ಡೋಜೋ, ಅಂದರೆ ಅಲ್ಲಿನ ಗರಡಿಮನೆ, ಬೇಸರದಿಂದ ಕೊಲ್ಲುತ್ತದೆ. ಸುಮೊ ಮನೆಗಳ ಶಿಸ್ತನ್ನೇ ರಿಕಿದೋಜಾನ್ ಕುಸ್ತಿಗೂ ತಂದರು. ಕಿರಿಯರು ಡೋಜೋದಲ್ಲೇ ವಾಸ, ಬೆಳಿಗ್ಗೆ ಕಸ ಗುಡಿಸುವುದು, ಮ್ಯಾಟ್ ಒರೆಸುವುದು, ಹಿರಿಯರ ಬಟ್ಟೆ ಒಗೆಯುವುದು, ಆಮೇಲೆ ಸಾಮು. ಪ್ರತಿ ಕಿರಿಯನನ್ನೂ ಒಬ್ಬ ಹಿರಿಯನಿಗೆ ಪರಿಚಾರಕನಾಗಿ ಒಪ್ಪಿಸುತ್ತಾರೆ. ಹಿರಿಯನ ಚೀಲ ಹೊರಬೇಕು, ಸ್ನಾನದಲ್ಲಿ ಬೆನ್ನು ತಿಕ್ಕಬೇಕು, ಬೂಟಿನ ಲೇಸು ಬಿಚ್ಚಬೇಕು, ಬೈಗುಳ ತಿನ್ನಬೇಕು. ಬ್ರೆಜಿಲ್‌ನ ಕಾಫಿ ತೋಟದಿಂದ ಬಂದ ಅಂಟೋನಿಯೊ ಇನೋಕಿ ರಿಕಿದೋಜಾನ್‌ಗೆ ಪರಿಚಾರಕರಾಗಿದ್ದವರು. ಬಾಬಾ ಮತ್ತು ಇನೋಕಿ 1960ರ ಸೆಪ್ಟೆಂಬರ್ 30ರಂದು ಒಂದೇ ದಿನ ಕಣಕ್ಕಿಳಿದರು. ಬಾಬಾ ಬೇಗ ಅಮೆರಿಕಕ್ಕೆ ಹೋದರು, ಇನೋಕಿ ಚೀಲ ಹೊರುತ್ತಲೇ ಉಳಿದರು. ಹಗೆ, ಹೊಟ್ಟೆಕಿಚ್ಚು ಹುಟ್ಟಿಸಲು ಇದಕ್ಕಿಂತ ಒಳ್ಳೆಯ ಸನ್ನಿವೇಶ ಕಟ್ಟಿ ಬರೆಯುವುದು ಕಷ್ಟ. ಚಿತ್ರಕಥೆಯಲ್ಲಿ ನಾಯಕನ ಮೊದಲ ಎರಡು ವರ್ಷವನ್ನು ನಾಲ್ಕು ಪುಟ ಬಟ್ಟೆ ಒಗೆಸಿಯೇ ತೋರಿಸಬಹುದು.

ಊಟವೆಂದರೆ ಚಾಂಕೊ. ದೊಡ್ಡ ಕಡಾಯಿಯಲ್ಲಿ ಕೋಳಿ ಸಾರು, ಅದರೊಳಗೆ ಕೋಸು, ತೋಫು, ಅಣಬೆ, ಕೋಳಿ ಮಾಂಸದ ಉಂಡೆ. ರುಚಿಗೆ ಮಿಸೊ ಅಥವಾ ಸೋಯಾ ಸಾಸ್. ಜೊತೆಗೆ ಬಟ್ಟಲು ಬಟ್ಟಲು ಅನ್ನ. ಕೋಳಿ ಎರಡು ಕಾಲ ಮೇಲೆ ನಿಲ್ಲುತ್ತದೆ, ನಾಲ್ಕು ಕಾಲಿನದು ಕೈಯೂರಿ ಬಿದ್ದವನ ಹಾಗೆ ಎಂಬ ಸುಮೊ ನಂಬಿಕೆಯಿಂದ ಕೋಳಿಗೆ ಪ್ರಾಶಸ್ತ್ಯ. ಬೇಯಿಸುವವನು ಕಿರಿಯ, ಕೊನೆಯಲ್ಲಿ ಉಣ್ಣುವವನೂ ಅವನೇ. ತೂಕ ಏರದ ಹುಡುಗನಿಗೆ ಹಿರಿಯರು ಎದುರಿಗೆ ಕೂತು ಅನ್ನ ತುರುಕಿಸುವುದೂ ತರಬೇತಿಯೇ.

ಸಾಮಿನಲ್ಲಿ ನಮಗೆ ತೀರಾ ಪರಿಚಿತವಾದದ್ದು ಕಾಣುತ್ತದೆ. ಅಲ್ಲಿ 'ಹಿಂದೂ ಸ್ಕ್ವಾಟ್' ಅನ್ನುವುದು ನಮ್ಮ ಗರಡಿಯ ಬಸ್ಕಿ. ನಮ್ಮ ದಂಡವೂ ಅಲ್ಲಿದೆ. ಇವನ್ನು ಜಪಾನಿನಲ್ಲಿ ಬೇರೂರಿಸಿದವರಲ್ಲಿ ಮುಖ್ಯರು ಬೆಲ್ಜಿಯಂನಲ್ಲಿ ಹುಟ್ಟಿದ ಕಾರ್ಲ್ ಗಾಚ್. 1948ರ ಒಲಿಂಪಿಕ್ಸ್‌ನಲ್ಲಿ ಆಡಿ, ಇಂಗ್ಲೆಂಡಿನ ವಿಗನ್‌ನಲ್ಲಿ ಬಿಲ್ಲಿ ರೈಲಿ ಹತ್ತಿರ ಪಟ್ಟು ಕಲಿತ ಗಾಚ್‌ರನ್ನು ಜಪಾನಿಗಳು 'ಕುಸ್ತಿಯ ದೇವರು' ಎಂದೇ ಕರೆದರು. ಇನೋಕಿ ಅವರ ಶಿಷ್ಯರು. ಡೋಜೋ ಪ್ರವೇಶ ಪರೀಕ್ಷೆಯಲ್ಲೇ 500 ಬಸ್ಕಿ ಕೇಳುವುದುಂಟು, ಒಳಗೆ ಸೇರಿದ ಮೇಲೆ 1,000. ಎರಡು ಸೆಕೆಂಡಿಗೊಂದರಂತೆ ಹೊಡೆದರೂ 500ಕ್ಕೆ 17 ನಿಮಿಷ ಬೇಕು. ಕೆಳಗೆ ಹೋಗುವಾಗ ಹಿಮ್ಮಡಿ ಎದ್ದು ಭಾರ ಮುಂಗಾಲಿಗೆ ಬರಬೇಕು, ಕೈ ಹಿಂದಕ್ಕೆ ಬೀಸಿ ನೆಲ ಸವರಿ ಮುಂದೆ ಬರಬೇಕು, ಉಸಿರು ಲಯ ತಪ್ಪಬಾರದು. ಗರಡಿ ಕಂಡವರಿಗೆ ಇದನ್ನು ಬಿಡಿಸಲು ಕಷ್ಟವಾಗದು. ಕಾಲ ಕೆಳಗೆ ಬೆವರಿನ ಕೆರೆ ನಿಲ್ಲುವ ತನಕ ಎಂಬ ಮಾತು ಕತೆಗಳಲ್ಲಿ ಬರುತ್ತದಲ್ಲ, ಅದು ಉತ್ಪ್ರೇಕ್ಷೆಯಲ್ಲ.

ಕೆಡುವುದು ಎಲ್ಲಿ ಗೊತ್ತೆ? ಅಭ್ಯಾಸವಿಲ್ಲದವನು ಒಮ್ಮೆಗೇ ಸಾವಿರಕ್ಕೆ ಹಾರಿದಾಗ. ತೊಡೆಯ ಸ್ನಾಯು ಒಡೆದು ಅದರ ಪ್ರೋಟೀನು ರಕ್ತಕ್ಕಿಳಿದು ಮೂತ್ರಪಿಂಡಕ್ಕೆ ಹೊಡೆತ ಬೀಳುತ್ತದೆ. ತೊಡೆ ಬಾತು ಮುಟ್ಟಲಾಗದಷ್ಟು ನೋವು, ಮೂತ್ರ ಕಡುಕಂದು. ಹಟಮಾರಿ ನಾಯಕ ರಾತ್ರೋರಾತ್ರಿ ಸಾವಿರ ಬಸ್ಕಿ ಹೊಡೆದು ಬೆಳಿಗ್ಗೆ ಎದ್ದು ಓಡುವ ದೃಶ್ಯ ಬರೆದಿದ್ದರೆ ಹೊಡೆದುಹಾಕಿ. ಅವನು ಆಸ್ಪತ್ರೆಯಲ್ಲಿರಬೇಕು.

ಇದಾದ ಮೇಲೆ ಬೀಳುವ ಪಾಠ, ಜಪಾನಿಯಲ್ಲಿ ಉಕೆಮಿ. ತಿಂಗಳುಗಟ್ಟಲೆ ಇದೇ. ಹಿಂದಕ್ಕೆ ಬೀಳುವ ಕ್ರಮ ಹೀಗೆ. ಮೊದಲು ಗದ್ದ ಎದೆಗೆ ಅಂಟಿಸಿ, ಕಣ್ಣು ಸ್ವಂತ ಹೊಕ್ಕುಳ ನೋಡಬೇಕು. ಕುಕ್ಕರುಗಾಲಲ್ಲಿ ಕೂತು ಹಿಂದಕ್ಕೆ ವಾಲುವುದರಿಂದ ಶುರು. ನೆಲ ಮುಟ್ಟಬೇಕಾದ್ದು ಮೇಲ್ಬೆನ್ನು, ಅಂದರೆ ಎರಡು ಹೆಗಲೆಲುಬಿನ ನಡುವಿನ ಅಗಲ ಜಾಗ. ಅದೇ ಕ್ಷಣಕ್ಕೆ ಎರಡೂ ಕೈ ಮೈಯಿಂದ ಸುಮಾರು 45 ಡಿಗ್ರಿ ಕೋನದಲ್ಲಿ, ಅಂಗೈ ಕೆಳಗಾಗಿ, ಬೆರಳ ತುದಿಯಿಂದ ತೋಳಿನವರೆಗೆ ಒಟ್ಟಿಗೆ ಚಪ್ಪರಿಸಬೇಕು. ಬಾಯಿಂದ ಉಸಿರು ಹೊರಗೆ ಹೋಗುತ್ತಿರಬೇಕು. ಗದ್ದ ಮೇಲೆತ್ತಿದವನ ತಲೆಯ ಹಿಂಭಾಗ ಬಡಿಯುತ್ತದೆ. ಹೆದರಿ ಕೈಯನ್ನು ಹಿಂದಕ್ಕೆ ಊರಿದವನ ಮಣಿಕಟ್ಟು ಇಲ್ಲವೇ ಮೊಣಕೈ ಹೋಗುತ್ತದೆ. ಉಸಿರು ಹಿಡಿದವನು ಒಂದರ್ಧ ನಿಮಿಷ ಮೀನಿನಂತೆ ಬಾಯಿ ಬಿಡುತ್ತಾನೆ. ಕೂತು ಬೀಳುವುದು ಬಂದ ಮೇಲೆ ನಿಂತು, ಆಮೇಲೆ ಯಾರಾದರೂ ಎತ್ತಿ ಎಸೆದಾಗ. ಚಿತ್ರಕಾರರು ಮಾಡುವ ಸಾಮಾನ್ಯ ತಪ್ಪೆಂದರೆ ಎಸೆಯಲ್ಪಟ್ಟವನ ಕತ್ತನ್ನು ಹಿಂದಕ್ಕೆ ಜೋತುಬಿಡುವುದು. ನೋಡಲು ನಾಟಕೀಯ, ಆದರೆ ಬಲ್ಲವರ ಕಣ್ಣಿಗೆ ಅವನು ಸತ್ತ.

ಕಣದ ರಚನೆಯೂ ಗೊತ್ತಿರಲಿ. ಒಂದು ಬದಿ ಸುಮಾರು 6 ಮೀಟರ್. ಉಕ್ಕಿನ ಚೌಕಟ್ಟು, ಮೇಲೆ ಮರದ ಹಲಗೆ, ಅದರ ಮೇಲೆ ತೆಳು ಪ್ಯಾಡ್, ಅದಕ್ಕೆ ಬಿಗಿದ ಕ್ಯಾನ್ವಾಸ್. ಮಟ್ಟಿಯ ಮೆತ್ತನೆ ಮಣ್ಣು ನೆನಪಿಟ್ಟುಕೊಂಡು ಬಿಡಿಸಬೇಡಿ. ಹಲಗೆ ಬಾಗಿ ಏಟು ಹೀರುತ್ತದೆ, ಜೊತೆಗೆ ಡಬ್ ಎಂದು ಸದ್ದನ್ನೂ ಮಾಡುತ್ತದೆ. ಜಪಾನಿ ಕಣದ ಮೂರು ಹಗ್ಗಗಳು ಹಗ್ಗವೇ ಅಲ್ಲ, ರಬ್ಬರ್ ಕೊಳವೆ ಹೊದಿಸಿ ಟೇಪು ಸುತ್ತಿದ ಉಕ್ಕಿನ ತಂತಿ. ಹಗ್ಗಕ್ಕೆ ಓಡಿ ಮರಳುವವನು ತಿರುಗಿ ಹೆಗಲೆಲುಬಿನ ಕೆಳಭಾಗವನ್ನು ಅದಕ್ಕೆ ಒತ್ತುತ್ತಾನೆ, ಒಂದು ಕೈ ಮೇಲಿನ ಹಗ್ಗ ಹಿಡಿದಿರುತ್ತದೆ. ಆ ಕೈ ಹಿಡಿಯದಿದ್ದರೆ ಹಗ್ಗ ಸಡಿಲವಿದ್ದ ದಿನ ತಲೆಕೆಳಗಾಗಿ ಹೊರಗೆ. ಹೊಸಬನ ಬೆನ್ನಿನಲ್ಲಿ ಮೊದಲ ವಾರ ನೀಲಿಗಟ್ಟಿದ ಅಡ್ಡಪಟ್ಟೆ ಇರುತ್ತದೆ. ಇಂಥ ಗುರುತು ಒಂದು ಚೌಕದಲ್ಲಿ ಕಂಡರೆ ಸಾಕು, ಓದುಗ ನಿಮ್ಮನ್ನು ನಂಬುತ್ತಾನೆ.

ಜರ್ಮನ್ ಸುಪ್ಲೆಕ್ಸ್ ಬಿಡಿಸದೆ ನಿಮ್ಮ ಕತೆ ಮುಗಿಯುವುದಿಲ್ಲ, ಹಾಗಾಗಿ ಅದನ್ನು ಬಿಡಿಸಿ ಹೇಳುತ್ತೇನೆ. ಹಿಂದಿನಿಂದ ಬಂದು ಎದುರಾಳಿಯ ಸೊಂಟವನ್ನು ತಬ್ಬಿ, ಎರಡೂ ಅಂಗೈಯನ್ನು ಒಂದಕ್ಕೊಂದು ಕೊಂಡಿಯಾಗಿ ಬಿಗಿಯಬೇಕು. ಬೆರಳ ನಡುವೆ ಬೆರಳು ತೂರಿಸಿದರೆ ಬಿದ್ದಾಗ ಬೆರಳು ಮುರಿಯುತ್ತದೆ. ಮೊಣಕಾಲು ಮಡಚಿ ತನ್ನ ಸೊಂಟವನ್ನು ಅವನ ಸೊಂಟದ ಕೆಳಗೆ ಇಳಿಸಬೇಕು. ಎತ್ತುವುದು ಕೈಬಲದಿಂದಲ್ಲ, ತೊಡೆ ಮತ್ತು ಸೊಂಟದ ನೂಕಿನಿಂದ. ಆಮೇಲೆ ಹಿಂದಕ್ಕೆ ಕಮಾನಾಗಿ ಬಾಗಿ, ಮುಂಗಾಲ ಮೇಲೆ ನಿಂತು, ತಲೆ ಮತ್ತು ಕತ್ತಿನ ಮೇಲೆ ಸೇತುವೆ ಕಟ್ಟಿ ಅವನ ಎರಡೂ ಹೆಗಲನ್ನು ಮೂರು ಎಣಿಸುವವರೆಗೆ ಒತ್ತಿಹಿಡಿಯಬೇಕು. ಅದಕ್ಕೇ ಡೋಜೋದಲ್ಲಿ ಕತ್ತಿನ ಸಾಮಿಗೆ ಅಷ್ಟು ಸಮಯ: ಮೂಗು ಮ್ಯಾಟಿಗೆ ತಾಗುವಷ್ಟು ಬಾಗಿದರೆ ಸೇತುವೆ ಸಿದ್ಧ ಎಂದರ್ಥ. ಎತ್ತಿಸಿಕೊಂಡವನೂ ಸುಮ್ಮನಿರುವುದಿಲ್ಲ. ಸರಿಯಾದ ಕ್ಷಣಕ್ಕೆ ನೆಲ ಒದ್ದು ಮೈ ಹಗುರ ಮಾಡುತ್ತಾನೆ, ಗದ್ದ ಅಂಟಿಸುತ್ತಾನೆ, ಮೇಲ್ಬೆನ್ನಿನ ಮೇಲೆ ಇಳಿಯುತ್ತಾನೆ. ಇಬ್ಬರಲ್ಲಿ ಒಬ್ಬ ದಣಿದಿದ್ದರೂ ಕತ್ತಿನ ಮೇಲೆ ಭಾರ ಬೀಳುತ್ತದೆ. ಇದು ಬರೀ ಮಾತಲ್ಲ. ಈ ಮಾಂಗಾದ ಹೆಸರು, ಮುಖವಾಡ ಹೊತ್ತು ನಿಜವಾದ ಕಣದಲ್ಲಿ ಎರಡನೆಯ ಟೈಗರ್ ಮಾಸ್ಕ್ ಆಗಿ ಆಡಿದ್ದ ಮಿತ್ಸುಹಾರು ಮಿಸಾವಾ, ಬೀಳುವುದರಲ್ಲಿ ಅವರಷ್ಟು ನುರಿತವರಿಲ್ಲ ಎನ್ನಿಸಿಕೊಂಡವರು, 2009ರ ಜೂನ್ 13ರಂದು ಹಿರೋಷಿಮಾದಲ್ಲಿ ಹಿಂದಕ್ಕೆ ಎಸೆಯುವ ಇಂಥದೇ ಸರಳ ಪಟ್ಟಿನಲ್ಲಿ ಕತ್ತಿಗೆ ಪೆಟ್ಟಾಗಿ ತೀರಿಕೊಂಡರು. ವರ್ಷಗಟ್ಟಲೆ ಸವೆದ ಕತ್ತು. ಮಾಂಗಾದ ಖಳರು ಹುಲಿಯನ್ನು ಮೊದಲ ಪುಟದಿಂದ ಕೊಲ್ಲಲು ನೋಡುತ್ತಾರೆ. ವಾಸ್ತವದಲ್ಲಿ ಸಾವು ಬಂದದ್ದು ಸಾವಿರ ಸಲ ಮಾಡಿದ ಕೆಲಸದಿಂದ.

ಪಂದ್ಯದ ನಿಯಮ ಹೆಚ್ಚು ಹೇಳಬೇಕಿಲ್ಲ. ನಾಡಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿ ಚಿತ್ ಆದರೆ ಮುಗಿಯಿತು, ಇಲ್ಲಿ ಎರಡೂ ಹೆಗಲು ಮೂರು ಎಣಿಕೆವರೆಗೆ ನೆಲದಲ್ಲಿರಬೇಕು. ಫೌಲಿಗೆ ಐದು ಎಣಿಕೆಯ ರಿಯಾಯಿತಿ ಇದೆ, ಖಳನ ಬದುಕು ನಡೆಯುವುದೇ ಆ ನಾಲ್ಕು ಸೆಕೆಂಡಿನಲ್ಲಿ. ಆ ಕಾಲದ ದೊಡ್ಡ ಪಂದ್ಯಗಳು ಮೂರು ಸುತ್ತಿನವು, 60 ನಿಮಿಷದ ಮಿತಿ. ಎರಡು ಸುತ್ತು ಗೆದ್ದವನಿಗೆ ಜಯ. ಇದು ಕತೆಗಾರನಿಗೆ ವರ: ಮೊದಲ ಸುತ್ತು ಖಳನಿಗೆ, ಎರಡನೆಯದು ನಾಯಕನಿಗೆ, ಮೂರನೆಯದರಲ್ಲಿ ಏನು ಬೇಕಾದರೂ ಆಗಬಹುದು.

ಕತೆಯ ಅಧ್ಯಾಯಗಳನ್ನು ಹಂಚಲು 'ಸೀರೀಸ್' ಪದ್ಧತಿ ಕಲಿಯಿರಿ. ಜಪಾನಿನಲ್ಲಿ ಕೆಲವು ವಾರಗಳ ಪ್ರವಾಸವೇ ಒಂದು ಸೀರೀಸ್. ಅದಕ್ಕೊಬ್ಬ ಮುಖ್ಯ ವಿದೇಶಿ ಬರುತ್ತಾನೆ. ಮೊದಲ ವಾರ ಅವನು ಸಣ್ಣಪುಟ್ಟವರನ್ನು ನಿಮಿಷದೊಳಗೆ ನೆಲಕ್ಕೊರಗಿಸುತ್ತಾನೆ, ಎರಡನೆಯ ವಾರ ನಾಯಕನ ಗೆಳೆಯನಿಗೆ ಗಾಯ ಮಾಡುತ್ತಾನೆ, ಜೋಡಿ ಪಂದ್ಯದಲ್ಲಿ ನಾಯಕನನ್ನೇ ಒಮ್ಮೆ ಬೀಳಿಸುತ್ತಾನೆ, ಕೊನೆಯ ರಾತ್ರಿ ದೊಡ್ಡ ಊರಿನಲ್ಲಿ ಪ್ರಶಸ್ತಿ ಪಂದ್ಯ. ಊರಿಂದೂರಿಗೆ ಹೋಗುವಾಗ ಜಪಾನಿಗಳಿಗೆ ಒಂದು ಬಸ್ಸು, ವಿದೇಶಿಯರಿಗೆ ಇನ್ನೊಂದು. ಹಗೆಗಳು ಒಟ್ಟಿಗೆ ಕೂತು ಊಟ ಮಾಡುವುದನ್ನು ಜನ ನೋಡಬಾರದು. ಗುಹೆಯಿಂದ ತಿಂಗಳಿಗೊಬ್ಬ ಹೊಸ ಮುಖವಾಡದ ಕೊಲೆಗಾರ ಬರುವ ಮಾಂಗಾದ ಕಟ್ಟಡ ಇದೇ ಸೀರೀಸ್. ಭಾರತೀಯ ಪಾತ್ರ ಬೇಕಿದ್ದರೆ ಹುಡುಕಾಡಬೇಕಿಲ್ಲ. ದಾರಾ ಸಿಂಗ್ 1955ರಲ್ಲೇ ಜಪಾನಿಗೆ ಹೋಗಿ ಆಡಿದ್ದರು. 1973ರಿಂದ ಪಂಜಾಬ್ ಮೂಲದ, ಕೆನಡಾದಲ್ಲಿ ನೆಲೆಸಿದ ಟೈಗರ್ ಜೀತ್ ಸಿಂಗ್ ಖಡ್ಗ ಹಿಡಿದು ಕಣಕ್ಕೆ ನುಗ್ಗುತ್ತಾ ಇನೋಕಿಯ ಕಡುವೈರಿಯಾಗಿ ಜಪಾನಿನಲ್ಲಿ ಮನೆಮಾತಾದರು.

ಮೊದಲೇ ಹೇಳಿದ ಮಾತಿಗೆ ಈಗ ಬರುತ್ತೇನೆ. ಫಲಿತಾಂಶ ನಿಗದಿಯಾಗಿರುತ್ತದೆ ಎಂದು ಓದುಗನಿಗೆ ತಿಳಿದರೆ ಉತ್ಕಂಠೆ ಉಳಿಯುತ್ತದೆಯೇ ಎಂಬ ಅಳುಕು ನಿಮಗಿರಬಹುದು. ಉಳಿಯುತ್ತದೆ, ಯಾಕೆಂದರೆ ಒಪ್ಪಂದ ಮುರಿಯಬಹುದು. 1954ರ ಡಿಸೆಂಬರ್ 22ರಂದು ರಿಕಿದೋಜಾನ್ ಮತ್ತು ಕಿಮುರಾ ಮುಖಾಮುಖಿಯಾದಾಗ ಪಂದ್ಯ ಸಮವಾಗಬೇಕೆಂಬ ಮಾತಾಗಿತ್ತೆಂದು ಕಿಮುರಾ ಆಮೇಲೆ ಹೇಳಿಕೊಂಡರು. ನಡುವೆ ರಿಕಿದೋಜಾನ್ ನಿಜವಾಗಿಯೇ ಹೊಡೆಯತೊಡಗಿ ಅವರನ್ನು ನೆಲಕ್ಕೆ ಕೆಡವಿದರು. 1976ರ ಡಿಸೆಂಬರ್‌ನಲ್ಲಿ ಕರಾಚಿಯಲ್ಲಿ ಇನೋಕಿ ಎದುರು ಇಳಿದ, ಗಾಮಾ ಪೈಲ್ವಾನರ ಮನೆತನದ ಅಕ್ರಮ್ ಪೈಲ್ವಾನ್ ತೋಳು ಮುರಿಸಿಕೊಂಡದ್ದೂ ಇಂಥದೇ ಅಸಲಿ ಜಟಾಪಟಿಯಲ್ಲಿ. ಗುಹೆ ಕಳಿಸಿದ ಖಳ ಒಪ್ಪಂದ ಮುರಿಯುತ್ತಾನೆ ಎಂದಿಟ್ಟುಕೊಳ್ಳಿ. ನಾಯಕನಿಗೆ ಅದು ಹೇಗೆ ತಿಳಿಯುತ್ತದೆ? ತಲೆ ಅಮುಕಿದ ತೋಳು ಸಡಿಲವಾಗುವುದಿಲ್ಲ. ಎತ್ತಲು ಹೋದರೆ ಎದುರಾಳಿ ನೆಲ ಒದೆಯುವುದಿಲ್ಲ, ಮೈಭಾರವೆಲ್ಲ ಬಿಟ್ಟು ಹೆಣದಂತೆ ತೂಗುತ್ತಾನೆ. ಕಿವಿಯಲ್ಲಿ ಪಿಸುಗುಟ್ಟಿದರೆ ಉತ್ತರವಿಲ್ಲ. ಗುದ್ದು ಹಣೆಯ ಬದಲು ಕಣ್ಣಿನ ಮೂಳೆಗೆ ಬೀಳುತ್ತದೆ. ರೆಫ್ರಿಯ ಮುಖ ಬಿಳಚುತ್ತದೆ. ಪ್ರೇಕ್ಷಕರಿಗೆ ಏನೂ ಗೊತ್ತಾಗುವುದಿಲ್ಲ, ಓದುಗನಿಗೆ ಮಾತ್ರ ಗೊತ್ತು. ಎಂಥ ದೈತ್ಯನನ್ನು ತಂದು ನಿಲ್ಲಿಸಿದರೂ ಇಷ್ಟು ಭಯ ಹುಟ್ಟದು.

ರಕ್ತದ ಬಗ್ಗೆ ಒಂದೆರಡು ಸಾಲು ಸಾಕು. ಅದು ನಿಜವಾದ ರಕ್ತವೇ. ಬೆರಳ ಟೇಪಿನಲ್ಲಿ ಬಚ್ಚಿಟ್ಟ ಬ್ಲೇಡಿನ ಚೂರಿನಿಂದ ತಾವೇ ಹಣೆ ಗೀರಿಕೊಳ್ಳುತ್ತಾರೆ, ಬೆವರು ಸೇರಿ ಮುಖವೆಲ್ಲ ಕೆಂಪಾಗುತ್ತದೆ. ಆಳ ಹೋದರೆ ಹಣೆಯ ರಕ್ತನಾಳ ಕತ್ತರಿಸಿ ರಕ್ತ ಚಿಮ್ಮುತ್ತದೆ, ಹೊಲಿಗೆ ಬೀಳುತ್ತದೆ. ಹಿರಿಯ ಖಳರ ಹಣೆ ಉತ್ತ ಹೊಲದಂತೆ ಗೆರೆಗೆರೆ. ಮುಖವಾಡದವನಿಗೆ ಮೊದಲು ಹಣೆಯ ಬಳಿ ಬಟ್ಟೆ ಹರಿಯಬೇಕು, ಆಮೇಲೆ ರಕ್ತ. ಆ ಕ್ರಮ ತಪ್ಪಿಸಬೇಡಿ.

ದುಡ್ಡಿನ ಲೆಕ್ಕಕ್ಕೆ ಬರೋಣ. ಕಿರಿಯನಿಗೆ ಊಟ, ವಸತಿ, ಕೈಖರ್ಚು. ಹೆಸರಾದವನಿಗೆ ಪಂದ್ಯಕ್ಕಿಷ್ಟು ಎಂಬ ಖಾತರಿ. ವಿದೇಶಿಗೆ ವಾರದ ಲೆಕ್ಕ. ಪಂದ್ಯ ಇಲ್ಲದ ವಾರ, ಗಾಯವಾದ ತಿಂಗಳು ಸೊನ್ನೆ. ಉಡುಪು, ಬೂಟು, ಮುಖವಾಡ ಸ್ವಂತ ಖರ್ಚು. ಅಮೆರಿಕದಲ್ಲಿ ಅವಕಾಶ ಕೊಡಿಸಿದ ಮ್ಯಾನೇಜರ್ ಅದರಲ್ಲೂ ಪಾಲು ಕೀಳುತ್ತಿದ್ದ. ಗುಹೆ ಕೇಳುವ ಅರ್ಧ ಪಾಲು ಅತಿಯೆನಿಸಿದರೂ ಅದರ ಬೇರು ಅಲ್ಲಿದೆ. ಸಂಸ್ಥೆಗೆ ಮಾತ್ರ ದೊಡ್ಡ ದುಡ್ಡು ಟೀವಿಯಿಂದ. ಶುಕ್ರವಾರ ರಾತ್ರಿ 8 ಗಂಟೆಯ ನೇರ ಪ್ರಸಾರಕ್ಕೆ ಮಿತ್ಸುಬಿಷಿ ಎಲೆಕ್ಟ್ರಿಕ್ ಪ್ರಾಯೋಜಕ. ಒಂದು ಪಂದ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ ಅದೇ ಕಂಪನಿಯ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಕ್ಯಾಮೆರಾ ಮುಂದೆಯೇ ಕಣ ಗುಡಿಸುತ್ತಿದ್ದರು. ಈ ಚಿತ್ರವನ್ನು ದಯವಿಟ್ಟು ನಿಮ್ಮ ಕತೆಯಲ್ಲಿ ಸೇರಿಸಿ. ಈಗಷ್ಟೇ ನಾಯಕನ ರಕ್ತ ಬಿದ್ದ ಜಾಗದಲ್ಲಿ ಜಾಹೀರಾತು ಗುರುಗುಟ್ಟುತ್ತಾ ಓಡಾಡಲಿ.

ಮುಖವಾಡ ಮೆಕ್ಸಿಕೊದಲ್ಲಿ ಹಬ್ಬಿದ ಪರಂಪರೆ. ಜಪಾನಿಗರ ಮನೆಯೊಳಗೆ ಅದು ಹೊಕ್ಕದ್ದು 'ದಿ ಡೆಸ್ಟ್ರಾಯರ್' ಎಂಬ ಅಮೆರಿಕನ್ ಮೂಲಕ. 1963ರ ಮೇ 24ರಂದು ರಿಕಿದೋಜಾನ್ ಜೊತೆಗಿನ ಅವನ ಪಂದ್ಯಕ್ಕೆ 64 ಶೇಕಡಾ ಟೀವಿ ವೀಕ್ಷಣೆ ದಾಖಲಾಗಿತ್ತು. ಅವನ ಬಿಳಿ ಮುಖವಾಡ ಹೆಂಗಸರು ಸೊಂಟ ಬಿಗಿಯಲು ತೊಡುವ ಗರ್ಡಲ್ ಎಂಬ ಒಳಉಡುಪಿನ ಬಟ್ಟೆಯಿಂದ ಹೊಲಿದದ್ದು, ಹಿಗ್ಗುವ ಗುಣಕ್ಕಾಗಿ. ಒಳ್ಳೆಯ ಮುಖವಾಡ ಎಳೆದರೆ ಹಿಗ್ಗಬೇಕು, ಬೆವರು ಹೀರಬೇಕು, ತಲೆಯ ಹಿಂಭಾಗದಲ್ಲಿ ಲೇಸು ಕಟ್ಟುವಂತಿರಬೇಕು. ಲೇಸಿನ ಅಡಿಯಲ್ಲಿ ಬೂಟಿಗಿರುವಂಥ ಒಂದು ನಾಲಿಗೆ ಬಟ್ಟೆ ಇರುತ್ತದೆ, ಇಲ್ಲದಿದ್ದರೆ ಕೂದಲು ಸಿಕ್ಕಿಕೊಳ್ಳುತ್ತದೆ. ಲೇಸು ಸಡಿಲವಾದರೆ ತಲೆ ಅಮುಕಿದಾಗ ಮುಖವಾಡ ತಿರುಗಿ ಕಣ್ಣಿನ ತೂತು ಕೆನ್ನೆಗೆ ಬರುತ್ತದೆ, ಕುಸ್ತಿಪಟು ಕುರುಡ. ತೀರಾ ಬಿಗಿಯಾದರೆ ದವಡೆ ತೆರೆಯದೆ ಉಸಿರು ಕಟ್ಟುತ್ತದೆ. ಪಕ್ಕದ ನೋಟವಂತೂ ಇಲ್ಲವೇ ಇಲ್ಲ, ಹಾಗಾಗಿ ಮುಖವಾಡದವನು ಕಣ್ಣು ಹೊರಳಿಸದೆ ಇಡೀ ತಲೆ ತಿರುಗಿಸಿ ನೋಡುತ್ತಾನೆ. ತ್ಸುಜಿ ಬಿಡಿಸಿದ ಹುಲಿ ಮುಖ ಕೋಪಕ್ಕೆ ಹಲ್ಲು ಕಡಿಯುತ್ತದೆ, ದುಃಖಕ್ಕೆ ಬಾಡುತ್ತದೆ. ನಿಜವಾದ ಬಟ್ಟೆ ಹಾಗೆ ಮಾಡದು. ನೀವು ಭಾವವನ್ನು ಕತ್ತಿನ ಓರೆ, ಹೆಗಲ ಇಳಿತ, ತೂತಿನೊಳಗಿನ ಕಣ್ಣು, ಇವುಗಳಲ್ಲಿ ತೋರಿಸಲು ಪ್ರಯತ್ನಿಸಿ.

ಕಾಗದದ ಹುಲಿ ಕಣಕ್ಕಿಳಿದದ್ದು 1981ರ ಏಪ್ರಿಲ್ 23ರಂದು, ಅದೇ ಕುರಾಮಾಯೆಯಲ್ಲಿ. ಮುಖವಾಡದೊಳಗೆ ಸತೊರು ಸಯಾಮಾ. ಮೆಕ್ಸಿಕೊ, ಆಮೇಲೆ ಇಂಗ್ಲೆಂಡಿನಲ್ಲಿ 'ಸ್ಯಾಮಿ ಲೀ' ಹೆಸರಿನಲ್ಲಿ ಹೊರದೇಶದ ತರಬೇತಿ ಮುಗಿಸಿ ಬಂದಿದ್ದ, ಎತ್ತರ ಕಮ್ಮಿ ಇದ್ದ ಯುವಕ. ಎದುರಾಳಿ ಡೈನಮೈಟ್ ಕಿಡ್. ಕಾರ್ಟೂನ್ ಹುಲಿಯನ್ನು ಕಂಡು ಲಘುವಾಗಿ ತೆಗೆದುಕೊಂಡಿದ್ದ ಜನ, ಅವನ ಒದೆತದ ವೇಗಕ್ಕೆ ಬೆರಗಾದರು. ಜರ್ಮನ್ ಸುಪ್ಲೆಕ್ಸ್‌ನಿಂದ ಗೆದ್ದ. ಎರಡೇ ವರ್ಷದಲ್ಲಿ, 1983ರ ಆಗಸ್ಟ್‌ನಲ್ಲಿ, ಜನಪ್ರಿಯತೆಯ ತುದಿಯಲ್ಲಿದ್ದಾಗಲೇ ಸಯಾಮಾ ಸಂಸ್ಥೆ ಬಿಟ್ಟು ಹೊರನಡೆದರು. ಮುಂದೆ ಶೂಟೊ ಎಂಬ ಅಸಲಿ ಹೊಡೆದಾಟದ ಕ್ರೀಡೆಯನ್ನೇ ಕಟ್ಟಿದರು. ಮುಖವಾಡ ಮಾತ್ರ ನಿಲ್ಲಲಿಲ್ಲ, ಮಿಸಾವಾ ಸೇರಿದಂತೆ ಒಬ್ಬರಿಂದ ಒಬ್ಬರಿಗೆ ಸಾಗಿತು. ನವೊತೊ ದಾತೆ ಹೆಸರೂ ಸಾಗಿತು: 2010ರ ಕ್ರಿಸ್‌ಮಸ್ ದಿನ ಗುನ್ಮಾ ಪ್ರಾಂತದ ಮಕ್ಕಳ ಕೇಂದ್ರವೊಂದರ ಬಾಗಿಲಲ್ಲಿ ಆ ಹೆಸರಿನ ಚೀಟಿಯೊಡನೆ 10 ಶಾಲಾಚೀಲಗಳು ಇದ್ದವು. ಮುಂದಿನ ವಾರಗಳಲ್ಲಿ ಜಪಾನಿನ ಉದ್ದಗಲಕ್ಕೂ ಅದೇ ಹೆಸರಿನಲ್ಲಿ ಚೀಲ, ಪುಸ್ತಕ, ದುಡ್ಡು ಬಂದವು.

ಉಳಿದದ್ದು ನಾಯಕನ ಸಾವು. ಮಾಂಗಾದಲ್ಲಿ ನವೊತೊ ಒಂದು ಮಗುವನ್ನು ಉಳಿಸಲು ಹೋಗಿ ಟ್ರಕ್ಕಿಗೆ ಸಿಕ್ಕುತ್ತಾನೆ, ಸಾಯುವ ಮುನ್ನ ಗುರುತು ಸಿಗದಿರಲೆಂದು ಮುಖವಾಡವನ್ನು ನೀರಿಗೆಸೆಯುತ್ತಾನೆ. ಆನಿಮೆಯಲ್ಲಿ ಅವನು ಸಾಯುವುದಿಲ್ಲ. ಕೊನೆಯ ಪಂದ್ಯದಲ್ಲಿ ಮುಖವಾಡ ಕಳಚಿ, ಅಷ್ಟು ದಿನ ಅದುಮಿಟ್ಟ ಕ್ರೌರ್ಯವನ್ನೆಲ್ಲ ಹೊರಹಾಕಿ ಗೆದ್ದು, ಯಾರಿಗೂ ಹೇಳದೆ ದೇಶ ಬಿಡುತ್ತಾನೆ. ನನಗೆ ಆನಿಮೆಯ ಅಂತ್ಯವೇ ಸರಿ ಅನಿಸುತ್ತದೆ, ಯಾಕೆಂದರೆ ಅದು ಕಣದೊಳಗೇ ಹುಟ್ಟುತ್ತದೆ. ಟ್ರಕ್ಕು ಎಲ್ಲಿಂದಲೋ ಬಂದದ್ದು. ನೀವು ಎರಡನ್ನೂ ಬಿಟ್ಟು ಮೂರನೆಯ ದಾರಿ ನೋಡಬಹುದು. ಕುಸ್ತಿ ಬಿಟ್ಟವರು ಚಾಂಕೊ ಅಂಗಡಿ ಇಡುತ್ತಾರೆ, ರೆಫ್ರಿಯಾಗುತ್ತಾರೆ, ಡೋಜೋದಲ್ಲಿ ವಸ್ತಾದಿಯಾಗಿ ಉಳಿಯುತ್ತಾರೆ, ಇನೋಕಿಯಂತೆ 1989ರಲ್ಲಿ ಸಂಸತ್ತಿಗೂ ಹೋಗುತ್ತಾರೆ. ಹಾಳಾದ ಕತ್ತಿನ ನಾಯಕ, ಎಡಗೈ ಬೆರಳು ಜೋಮು ಹಿಡಿದು ಲೇಸು ಕಟ್ಟಲಾಗದೆ ತನ್ನ ಪರಿಚಾರಕ ಹುಡುಗನಿಂದ ಕಟ್ಟಿಸಿಕೊಳ್ಳುತ್ತಿರುವಾಗ, ಈ ಮುಖವಾಡ ಮುಂದಿನ ಸೀರೀಸ್‌ನಿಂದ ನಿನ್ನದು ಎಂದು ಅವನಿಗೆ ಹೇಳಲಿ. ಹುಡುಗ ಅದನ್ನು ಬೇಡವೆಂದರೆ ಎರಡನೆಯ ಸಂಪುಟಕ್ಕೂ ನಿಮಗೆ ಕತೆ ಸಿಕ್ಕಿತು.